ತಲೆಗೆ ಎರಡು ಲೀಟರು

ರುಕ್ಮಿಣಿಬಾಯಿಗೆ ಪಾಸ್‌ಪೋರ್ಟ್ ಇರಲಿಲ್ಲ. ಅರವತ್ತಾರು ವರ್ಷ ಅದರ ಅಗತ್ಯವೂ ಬಿದ್ದಿರಲಿಲ್ಲ. ಚಿತ್ತಾಪುರದಲ್ಲಿ ಹುಟ್ಟಿ ಸೇಡಂಗೆ ಸೊಸೆಯಾಗಿ ಬಂದವಳು; ಮಂತ್ರಾಲಯ, ತಿರುಪತಿ, ಪಂಢರಪುರ ಬಿಟ್ಟರೆ ವಾಡಿ ಜಂಕ್ಷನ್ನಿನ ಆಚೆ ಅವಳಿಗೆ ಕೆಲಸವಿರಲಿಲ್ಲ. ಒಂದು ದಿನ ಮಗ ಶ್ರೀರಾಮ ಅವಳನ್ನು ಕಲಬುರಗಿಗೆ ಕರೆದುಕೊಂಡು ಹೋಗಿ, ಫೋಟೊ ತೆಗೆಸಿ, ಬೆರಳಿನ ಅಚ್ಚು ಕೊಡಿಸಿಕೊಂಡು ಬಂದ. ಆಮೇಲೆ ವಿಚಾರಣೆಗೆ ಬಂದ ಪೊಲೀಸಪ್ಪ ಪಡಸಾಲೆಯಲ್ಲಿ ಕುಳಿತು ಹಚ್ಚಿದ ಅವಲಕ್ಕಿ ತಿಂದು, ಈ ವಯಸ್ಸಿನ್ಯಾಗ ಎಲ್ಲಿಗ್ರಿ ಅವ್ವಾರ ಎಂದು ನಕ್ಕು ಹೋದ.

ಶ್ರೀರಾಮನದು ಸೇಡಂ ಬಸ್‌ಸ್ಟ್ಯಾಂಡಿನ ಹಿಂದೆ ಸಿಮೆಂಟಿನ ಅಂಗಡಿ. ಗುರಿಗಿಂತ ಹೆಚ್ಚು ಚೀಲ ಮಾರಿದ ಡೀಲರುಗಳನ್ನು ಕಂಪನಿ ವರ್ಷಕ್ಕೊಮ್ಮೆ ಪರದೇಶ ಸುತ್ತಿಸುತ್ತದೆ. ಈ ಸಲ ಅವನ ಪಾಲಿಗೆ ಮೂರು ಟಿಕೀಟು ಬಂದಿದ್ದವು, ಮಲೇಶಿಯಾದ ಲಂಕಾವಿ ಎಂಬ ದ್ವೀಪಕ್ಕೆ. ಒಂದು ಅವನದು, ಒಂದು ಹೆಂಡತಿ ರಂಜನಾಳದು. ಮೂರನೆಯದು ಮಗಳು ಪ್ರಮಿತಾಳದು ಎಂದು ಮನೆಯವರೆಲ್ಲ ತಿಳಿದಿದ್ದರು. ಹದಿನಾಲ್ಕರ ಹುಡುಗಿ ಆಗಲೇ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಶ್ರೀರಾಮ ಆ ಟಿಕೀಟನ್ನು ತಾಯಿಯ ಹೆಸರಿಗೆ ಮಾಡಿಸಿದ. ಹುಡುಗಿ ಊಟ ಬಿಟ್ಟು ಅತ್ತಳು. ಅವಳನ್ನು ಶಹಾಬಾದದ ಸೋದರಮಾವನ ಮನೆಗೆ ಸಾಗಹಾಕಿದರು.

“ಪ್ರಮಿತಾಗ ಇನ್ನೂ ಭಾಳ ಆಯುಷ್ಯ ಅದ ಅವ್ವಾ. ನೀ ಸಮುದ್ರಾನೇ ನೋಡಿಲ್ಲ,” ಎಂದ ಶ್ರೀರಾಮ.

ಈ ಮಾತು ಮುದುಕಿಗೆ ತಾಗಿತು. ಅಪ್ಪ ಸತ್ತ ಮೇಲೆ ಮಗ ಅವಳೊಂದಿಗೆ ಕುಳಿತು ನಾಲ್ಕು ಮಾತು ಆಡಿದ್ದು ಕಡಿಮೆ. ಔಷಧ ತಂದುಕೊಡುತ್ತಿದ್ದ, ಚಳಿಗಾಲಕ್ಕೆ ಶಾಲು ತಂದುಕೊಟ್ಟಿದ್ದ, ಅಷ್ಟೆ. ಈಗ ಹೆತ್ತ ಮಗಳನ್ನು ಬಿಟ್ಟು ತಾಯಿಯನ್ನು ಕರೆದೊಯ್ಯುತ್ತೇನೆ ಎನ್ನುತ್ತಿದ್ದಾನೆ. ಬೇಡ ಎನ್ನಬೇಕೆಂದುಕೊಂಡವಳು ಎನ್ನಲಿಲ್ಲ. ಓಣಿಯಲ್ಲಿ ನಾಲ್ಕು ಮನೆ ಹೊಕ್ಕು ಸುದ್ದಿ ಹೇಳಿ ಬಂದಳು.

ಒಂದೇ ತೊಡಕಿತ್ತು. ಊರೊಳಗಿನ ವಿಠ್ಠಲನ ಗುಡಿಯಲ್ಲಿ ದೇವರ ನೈವೇದ್ಯದ ಅಡುಗೆ ರುಕ್ಮಿಣಿಬಾಯಿಯದು. ಅದು ಗಂಡಸರು ಮಾಡುವ ಕೆಲಸ. ಆದರೆ ಮಡಿಯಲ್ಲಿ ಅಡುಗೆ ಮಾಡುವ ಗಂಡಸರು ಸೇಡಂನಲ್ಲಿ ಉಳಿದಿರಲಿಲ್ಲ. ಕೆಲವರು ಮೇಷ್ಟ್ರುಗಳಾಗಿದ್ದರು, ಕೆಲವರು ಫ್ಯಾಕ್ಟರಿಯ ಆಫೀಸಿನಲ್ಲಿದ್ದರು, ಉಳಿದವರಿಗೆ ಸೊಂಟ ನೋವಿತ್ತು. ಹೀಗೆ ಬಂದ ಒಲೆ ಅದು. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ರೇಷ್ಮೆಯ ಮಡಿಸೀರೆ ಉಟ್ಟು, ಯಾರನ್ನೂ ಮುಟ್ಟದೆ ಓಣಿ ದಾಟಿ ಗುಡಿ ಸೇರಿದಳೆಂದರೆ ಅಲ್ಲಿ ಅವಳದೇ ರಾಜ್ಯ. ಮನೆಯಲ್ಲಿ ಉಪ್ಪು ಹೆಚ್ಚಾಯಿತು, ಖಾರ ಕಡಿಮೆಯಾಯಿತು ಎನ್ನುವ ಸೊಸೆ ಇದ್ದಳು. ಗುಡಿಯಲ್ಲಿ ಬೇಳೆ ಎಷ್ಟು ಬೇಯಬೇಕು ಎಂಬುದನ್ನು ಅರ್ಚಕ ವೆಂಕಟೇಶಾಚಾರ್ಯರೂ ಅವಳನ್ನು ಕೇಳಿಯೇ ತಿಳಿಯಬೇಕಿತ್ತು. ಅವಳಿಗೆ ತನ್ನದು ಎಂದು ಈ ಲೋಕದಲ್ಲಿ ಇದ್ದದ್ದು ಆ ಒಲೆಯೊಂದೇ.

ಸಮುದ್ರ ದಾಟಿದವರು ಗುಡಿಯ ಒಲೆ ಮುಟ್ಟಬಾರದು ಎಂದು ಗುಡಿಯ ಟ್ರಸ್ಟಿನವರ ಹಳೇ ಕಟ್ಟಳೆ. ರುಕ್ಮಿಣಿಬಾಯಿ ಆಚಾರ್ಯರ ಮುಂದೆ ಹೋಗಿ ನಿಂತಳು. ಅವರು ದಾರಿ ಹೇಳಿದರು: ಬಂದ ಮೇಲೆ ಪಂಚಗವ್ಯ ತೆಗೆದುಕೊಳ್ಳುವುದು, ಜಪ ಮಾಡುವುದು, ದ್ವಾದಶಿಯಿಂದ ಮತ್ತೆ ಒಲೆ ಹಚ್ಚುವುದು. ಅಲ್ಲಿ ಹೊರಗಿನ ಅನ್ನ ಉಣ್ಣಬಾರದು, ಮಡಿಯ ಸೀರೆಗೆ ಮೈಲಿಗೆ ತಾಗಬಾರದು. ಅದೊಂದು ನೆಟ್ಟಗಿದ್ದರೆ ಟ್ರಸ್ಟಿನವರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದರು.

ರೇಷ್ಮೆಯ ಮಡಿಸೀರೆಯನ್ನು ಹತ್ತಿಯ ಸೀರೆಯಂತೆ ದಿನಾ ಒಗೆಯುವುದಿಲ್ಲ. ಎತ್ತರದ ಗಳದ ಮೇಲೆ ಯಾರ ಕೈಗೂ ಸಿಗದಂತೆ ಇಡುತ್ತಾರೆ. ಅದಕ್ಕೇ ಅವಳು, ಅಲ್ಲಿ ಜಪಕ್ಕೂ ಊಟಕ್ಕೂ ಉಡಬೇಕಾದ ಆ ಒಂದು ಸೀರೆಗೆಂದು ಬೇರೆ ಚೀಲ ಮಾಡಿದಳು. ಅದರಲ್ಲೇ ಹುರಿಹಿಟ್ಟು, ಅವಲಕ್ಕಿ, ಬೇಸನ್ ಉಂಡಿ, ಒಂದು ತಾಮ್ರದ ತಂಬಿಗೆ. ಈ ಚೀಲ ಯಾರೂ ಮುಟ್ಟಬಾರದು ಎಂದು ಹೊರಡುವ ಮೊದಲೇ ಎಲ್ಲರಿಗೂ ಹೇಳಿದಳು. ಯಾರೂ ಮುಟ್ಟುವುದಿಲ್ಲ ಎಂದು ಶ್ರೀರಾಮನೂ ಹೇಳಿದ.

ಲಂಕಾವಿಯಲ್ಲಿ ಸೆಖೆ ಮೈಗೆ ಅಂಟಿಕೊಳ್ಳುತ್ತಿತ್ತು. ಹೋಟೆಲಿನಲ್ಲಿ ಬೆಳಗಿನ ತಿಂಡಿ ಎಷ್ಟಾದರೂ ಬಡಿಸಿಕೊಳ್ಳಬಹುದೆಂದು ತಿಳಿದ ಡೀಲರುಗಳು ತಟ್ಟೆಯ ಮೇಲೆ ಗುಡ್ಡ ಕಟ್ಟಿಕೊಂಡು, ಅರ್ಧ ತಿಂದು, ಅರ್ಧದ ಮೇಲೆ ಕೈ ತೊಳೆದು ಎದ್ದರು. ಅವರ ಹೆಂಡಂದಿರು ಬಾಳೆಹಣ್ಣು, ಬ್ರೆಡ್ಡು, ಸಕ್ಕರೆಯ ಪುಡಿಕೆಗಳನ್ನು ವ್ಯಾನಿಟಿ ಬ್ಯಾಗಿಗೆ ತುಂಬಿದರು. ಒಬ್ಬಳು ಚಮಚವನ್ನೂ ತುಂಬಿದಳು. ರುಕ್ಮಿಣಿಬಾಯಿ ಕೋಣೆಯಲ್ಲಿ ಒಬ್ಬಳೇ ಕುಳಿತು ಹುರಿಹಿಟ್ಟು ಕಲಸಿಕೊಂಡು ತಿಂದಳು.

ಸಮುದ್ರಕ್ಕೆ ಯಾವಾಗ ಎಂದು ಕೇಳಿದರೆ ಶ್ರೀರಾಮ ಸಂಜೆಗೆ ಎನ್ನುತ್ತಿದ್ದ. ಸಂಜೆಗೆ ಅಂಗಡಿ ಇರುತ್ತಿತ್ತು. ಇಡೀ ದ್ವೀಪದಲ್ಲಿ ಸರಕಿನ ಮೇಲೆ ತೆರಿಗೆ ಇಲ್ಲ ಎಂಬುದು ಡೀಲರುಗಳ ತಲೆಗೆ ಹೊಕ್ಕುಬಿಟ್ಟಿತ್ತು. ಅದನ್ನು ಹೊಗಿಸಿದವನು ಗೊಲ್ಲಾಳಪ್ಪ. ಚಿಂಚೋಳಿಯವನು, ಕೊಡ್ಲಿಯಲ್ಲೂ ಒಂದು ಸಿಮೆಂಟಿನ ಗೋಡೌನು ಇಟ್ಟವನು, ಇಂಥ ಪ್ರವಾಸಗಳಲ್ಲಿ ನುರಿತವನು. ಮೊದಲ ಅಂಗಡಿಯಲ್ಲಿ ಏನೂ ಕೊಳ್ಳಬಾರದು ಎನ್ನುತ್ತಿದ್ದ. ಮೂರು ಕಡೆ ರೇಟು ಕೇಳಿ, ಫೋನಿನಲ್ಲಿ ಫೋಟೊ ಹೊಡೆದುಕೊಂಡು, ಆಮೇಲೆ ಮೊದಲನೆಯ ಅಂಗಡಿಗೇ ಬರಬೇಕು. ವಿಮಾನ ನಿಲ್ದಾಣದಲ್ಲಿ ಕೊಳ್ಳುವವರು ಹುಚ್ಚರು. ಚಾಕ್ಲೆಟ್ ಕೊಳ್ಳುವವರು ಅವರಿಗಿಂತ ಹುಚ್ಚರು, ಅದು ಹೈದರಾಬಾದಿಗೆ ಬರುವುದರೊಳಗೆ ಸಗಣಿಯಾಗುತ್ತದೆ. ಡೀಲರುಗಳು ಅವನ ಬೆನ್ನು ಹತ್ತಿ ಅಂಗಡಿಯಿಂದ ಅಂಗಡಿಗೆ ತಿರುಗಿದರು. ರಂಜನಾ ಅತ್ತರಿನ ಶೀಶೆಗಳನ್ನು ಒಂದರ ಮೇಲೊಂದು ಮಣಿಕಟ್ಟಿಗೆ ಸಿಂಪಡಿಸಿಕೊಂಡು, ಕೊನೆಗೆ ಯಾವುದರ ವಾಸನೆ ಯಾವುದು ಎಂದು ತಿಳಿಯದೆ ತಲೆ ಹಿಡಿದುಕೊಂಡು ನಿಂತಳು. ಗಂಡಸರು ಬಾಟಲಿಗಳನ್ನು ಎತ್ತಿ ಬೆಳಕಿಗೆ ಹಿಡಿದು, ಕೂಸಿನ ಕುಂಡೆ ತಟ್ಟಿದಂತೆ ಬುಡ ತಟ್ಟುತ್ತಿದ್ದರು.

ರುಕ್ಮಿಣಿಬಾಯಿಯನ್ನು ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂಡಿಸಿದ್ದರು. ಬೆನ್ನ ಹಿಂದೆ ಬಾಟಲಿಗಳ ಗೋಡೆ. ಅಲ್ಲಿ ಗೊಲ್ಲಾಳಪ್ಪ ವಾಡಿಯ ಒಬ್ಬ ಹೊಸ ಡೀಲರಿಗೆ ಪಾಠ ಹೇಳುತ್ತಿದ್ದ. ದನಿ ತಗ್ಗಿಸುವ ರೂಢಿ ಅವನಿಗಿರಲಿಲ್ಲ.

“ಲೆಕ್ಕ ಭಾಳ ಸರಳ ಅದ ನೋಡ್ರಿ. ನಮ್ಮ ದೇಶದಾಗ ತಲೀಗಿ ಎರಡು ಲೀಟರ್ ಸುಮ್ಮ ಬಿಡ್ತಾರ. ಕುಡಿಯೋರನ್ನ ಕರ್ಕೊಂಡು ಬಂದ್ರ ಅವ್ರ ಪಾಲು ಅವ್ರೇ ಕುಡೀತಾರ. ಹುಡುಗ್ರನ್ನ ಕರ್ಕೊಂಡು ಬಂದ್ರ ಅವ್ರ ತಲೀಗಿ ಏನೂ ಇಲ್ಲ. ನಮ್ಮ ಶ್ರೀರಾಮಾಚಾರ್ರ ಹಂಗ ಇರಬೇಕು. ಮಗಳನ್ನ ಬಿಟ್ಟು ಅವ್ವನ್ನ ತಂದಾರ. ಶುದ್ಧ ಎರಡು ಲೀಟರ್, ಒಂದು ಹನಿ ಸೋರೋದಿಲ್ಲ.”

ಸುತ್ತ ನಿಂತವರು ನಕ್ಕರು. ಆ ನಗುವಿನಲ್ಲಿ ಶ್ರೀರಾಮನ ನಗುವೂ ಇತ್ತು. ಸಣ್ಣವನಿದ್ದಾಗಿನಿಂದ ಕೇಳಿದ ನಗು. ಮೂಗಿನಿಂದ ಮೊದಲು ಬಂದು ಆಮೇಲೆ ಬಾಯಿಗೆ ಇಳಿಯುತ್ತಿತ್ತು.

ರುಕ್ಮಿಣಿಬಾಯಿ ಸ್ಟೂಲಿನಿಂದ ಎದ್ದಳು. ಯಾರಿಗೂ ಹೇಳದೆ ರಸ್ತೆ ದಾಟಿ, ಎರಡು ಹೋಟೆಲುಗಳ ನಡುವಿನ ಸಂದಿ ಹಿಡಿದು ಸಮುದ್ರದ ದಂಡೆಗೆ ಬಂದಳು. ನೀರು ದೊಡ್ಡದಿತ್ತು, ಅದು ಸುಳ್ಳಲ್ಲ. ಕಾಲಿಗೆ ಬಂದದ್ದು ಮಾತ್ರ ಉಗುರುಬೆಚ್ಚಗೆ, ಉಂಡ ತಟ್ಟೆ ತೊಳೆದ ನೀರಿನಂತೆ. ಪ್ಲಾಸ್ಟಿಕ್ಕಿನ ಲೋಟ, ಒಂದು ಒಂಟಿ ಚಪ್ಪಲಿ, ಕಿತ್ತಲೆಯ ಸಿಪ್ಪೆ ಬಂದು ಹೋಗುತ್ತಿದ್ದವು. ಹತ್ತು ಮಾರು ದೂರದಲ್ಲಿ ಶಹಾಬಾದದ ಡೀಲರೊಬ್ಬ ಮೊಣಕಾಲೂರಿ ಮರಳಿನ ಮೇಲೆ ವಾಂತಿ ಮಾಡುತ್ತಿದ್ದ. ಅವನ ಹೆಂಡತಿ ಒಂದು ಕೈಯಲ್ಲಿ ಅವನ ಹಣೆ ಹಿಡಿದು, ಇನ್ನೊಂದು ಕೈಯಲ್ಲಿ ಅಂಗಡಿಯ ಚೀಲ ಒದ್ದೆಯಾಗದಂತೆ ಮೇಲೆತ್ತಿಕೊಂಡು ನಿಂತಿದ್ದಳು. ತೆರೆ ಬಂದು ಅದೆಲ್ಲವನ್ನು ಕಲಸಿಕೊಂಡು ರುಕ್ಮಿಣಿಬಾಯಿಯ ಕಾಲ ಬಳಿ ತಂದಿತು. ಅವಳು ಸೀರೆ ಎತ್ತಿ ಹಿಡಿದು ಹಿಂದೆ ಸರಿದಳು. ಮೊಮ್ಮಗಳನ್ನು ಅಳಿಸಿ ನೋಡಲು ಬಂದದ್ದು ಇದನ್ನು.

ಸಂಜೆ ಮಗನನ್ನು ಕೋಣೆಗೆ ಕರೆದು ನೇರವಾಗಿ ಹೇಳಿದಳು.

“ನನ್ನ ತಲೀ ಮ್ಯಾಲ ನೀ ಏನರ ತಗೋ. ಸರ್ಕಾರ ಬಿಡ್ತದ, ನೀ ತಗೋತೀ. ನನ್ನ ಮಡಿ ಚೀಲದಾಗ ಮಾತ್ರ ಇಡಬ್ಯಾಡ.”

“ನನಗ ಅಷ್ಟೂ ತಿಳಿಯೋದಿಲ್ಲೇನು ಅವ್ವಾ?” ಎಂದ ಶ್ರೀರಾಮ. ಅವನ ಮುಖ ಚಿಕ್ಕದಾಗಿತ್ತು. ಗೊಲ್ಲಾಳಪ್ಪನ ಬಾಯಿಯೇ ಹೊಲಸು, ಅವನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳಿದ.

ಹೊರಡುವ ದಿನ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಡಿ ಚೀಲಕ್ಕೆ ಬೀಗ ಬಿದ್ದಿತ್ತು. ಶ್ರೀರಾಮ ಅದನ್ನು ಹೆಗಲಿಗೆ ಹಾಕಿಕೊಂಡು ಕೆಳಗೆ ಇಳಿಯುತ್ತಿದ್ದ. ಸ್ನಾನ ಮಾಡಿ ಮುಟ್ಟೀನಿ ಅವ್ವಾ, ಮಂದಿ ಕಾಲಾಗ ಸಿಗಬಾರದಂತ ಬೀಗ ಹಾಕೀನಿ ಎಂದ. ಅವನ ತಲೆ ಒದ್ದೆಯಿತ್ತು ಖರೆ. ಕೂಲಿಯವನಿಗೆ ಕೊಡದೆ ತಾನೇ ಹೊತ್ತುಕೊಂಡಿದ್ದ. ಮಾತು ಮನಸ್ಸಿಗೆ ತಟ್ಟಿರಬೇಕು ಎಂದುಕೊಂಡಳು. ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕುಳಿತು, ದಾರಿಗೆಂದು ಬೆಳಿಗ್ಗೆಯೇ ತೆಗೆದಿಟ್ಟುಕೊಂಡಿದ್ದ ಕೊನೆಯ ಬೇಸನ್ ಉಂಡಿಯನ್ನು ಅವನಿಗೆ ಕೊಟ್ಟಳು. ಅವನು ತಿಂದ.

ಹೈದರಾಬಾದಿನಲ್ಲಿ ಚೀಲಗಳು ಉರುಳಿಕೊಂಡು ಬಂದಾಗ ಮಡಿ ಚೀಲದ ಮೇಲೆ, ತೆರೆದು ನೋಡಬೇಕೆಂದು ಸುಂಕದವರು ಎಳೆದ ಸೀಮೆಸುಣ್ಣದ ಗೀಟು ಇತ್ತು. ಅದನ್ನು ಮೊದಲು ಕಂಡವನು ಗೊಲ್ಲಾಳಪ್ಪ. ಅವನು ತನ್ನ ಗಾಡಿಯನ್ನು ತಿರುಗಿಸಿಕೊಂಡು ಬೇರೆ ಸಾಲಿಗೆ ಹೋದ. ಶ್ರೀರಾಮ ಚೀಲವನ್ನು ಇಳಿಸಿ ತಾಯಿಯ ಗಾಡಿಯ ಮೇಲೆ ಇಟ್ಟ, ತಾನು ರಂಜನಾಳ ಜೊತೆ ನಾಲ್ಕು ಹೆಜ್ಜೆ ಹಿಂದೆ ಉಳಿದ.

ಸುಂಕದ ಮೇಜಿನ ಹಿಂದೆ ನಿಂತಿದ್ದವಳು ಚಿಕ್ಕ ವಯಸ್ಸಿನ ಅಧಿಕಾರಿಣಿ. ‘ಮೀದೇನಾ ಅಮ್ಮಾ’ ಎಂದು ತೆಲುಗಿನಲ್ಲಿ ಕೇಳಿದಳು. ಸೇಡಂನವರಿಗೆ ತೆಲುಗು ಪರಭಾಷೆಯಲ್ಲ. ನನ್ನದೇ ಎಂದು ರುಕ್ಮಿಣಿಬಾಯಿ ತೆಲುಗಿನಲ್ಲೇ ಹೇಳಿ, ಒಳಗಿರುವುದು ಮಡಿಯ ಬಟ್ಟೆ, ದೇವರ ಕೆಲಸದ್ದು, ನೀನು ಮುಟ್ಟಬೇಡ ತಾಯಿ ಎಂದು ಕೇಳಿಕೊಂಡಳು. ಹುಡುಗಿ ಮರ್ಯಾದೆಯವಳು. ತೊಟ್ಟಿದ್ದ ಕೈಗವಸು ಕಳಚಿ ಹಿಂದೆ ಸರಿದು, ಹಾಗಾದರೆ ನೀವೇ ತೆಗೆಯಿರಿ ಎಂದಳು. ಬೀಗದ ಕೈ ಶ್ರೀರಾಮನ ಬಳಿಯಿತ್ತು. ಅದನ್ನು ಅವನು ರಂಜನಾಳ ಕೈಯಲ್ಲಿ ಕಳಿಸಿದ.

ಜಿಪ್ಪು ಎಳೆಯುತ್ತಲೇ ವಾಸನೆ ಹೊಡೆಯಿತು. ಹುರಿಹಿಟ್ಟಿನ ಡಬ್ಬಿ ಇರಲಿಲ್ಲ, ತಂಬಿಗೆಯೂ ಇರಲಿಲ್ಲ. ಅವೆರಡನ್ನು ಜಾಗ ಸಾಲದೆಂದು ಹೋಟೆಲಿನಲ್ಲೇ ಬಿಟ್ಟಿದ್ದರು. ಇದ್ದದ್ದು ಅವಳ ಸೀರೆ. ಅದನ್ನು ಉದ್ದಕ್ಕೆ ಹಾಸಿ, ಮಡಿಕೆ ಮಡಿಕೆಯಲ್ಲಿ ಒಂದೊಂದು ಬಾಟಲಿ ಇಟ್ಟು ಸುತ್ತಿದ್ದರು, ಒಂದಕ್ಕೊಂದು ತಾಗಿ ಒಡೆಯಬಾರದೆಂದು. ರುಕ್ಮಿಣಿಬಾಯಿ ತನ್ನ ಕೈಯಾರೆ ಸುರುಳಿ ಬಿಚ್ಚಿದಳು. ಒಂದು ಬಂತು. ಎರಡನೆಯದು ಬಂತು. ಐದನೆಯದರ ಮುಚ್ಚಳ ಬಿರುಕು ಬಿಟ್ಟು ಅರ್ಧ ಸೋರಿ, ಸೆರಗೆಲ್ಲ ತೊಯ್ದು ಕೊಳೆತ ಮೂಲಂಗಿಯ ಬಣ್ಣಕ್ಕೆ ತಿರುಗಿತ್ತು. ಅವಳ ಬೆರಳು ಅಂಟಂಟಾದವು. ಇಷ್ಟು ವರ್ಷ ದೇವರ ಅನ್ನ ಬಸಿದ ಬೆರಳನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡು ನಿಂತಳು.

ಒಬ್ಬರಿಗೆ ಎರಡು ಲೀಟರು ಮಾತ್ರ, ಇದು ಯಾರದು ಎಂದು ಅಧಿಕಾರಿಣಿ ಕೇಳಿದಳು. ತನ್ನ ಪಾಲು, ರಂಜನಾಳ ಪಾಲು ಎರಡನ್ನೂ ತಮ್ಮ ಚೀಲಗಳಲ್ಲಿ ಆಗಲೇ ತುಂಬಿಕೊಂಡಿದ್ದ ಶ್ರೀರಾಮ ಈಗ ಮುಂದೆ ಬಂದ. ಮುಖದ ತುಂಬ ನಗು ತಂದುಕೊಂಡು ಹಿಂದಿಯಲ್ಲಿ ಹೇಳಿದ: ತಾಯಿಗೆ ಮೊಣಕಾಲು ನೋವು. ಇದನ್ನು ಬಿಸಿ ಮಾಡಿ ತಿಕ್ಕಿಕೊಳ್ಳುತ್ತಾಳೆ. ವಯಸ್ಸಾದವಳು, ಲೆಕ್ಕ ತಿಳಿಯದೆ ಹೆಚ್ಚು ಕೊಂಡುಬಿಟ್ಟಿದ್ದಾಳೆ, ಬಿಟ್ಟುಬಿಡಿ.

ಹುಡುಗಿ ಹೌದೇ ಎಂಬಂತೆ ಮುದುಕಿಯ ಮುಖ ನೋಡಿದಳು. ಎರಡು ನಿಮ್ಮ ಪಾಲಿಗೆ ಬಿಡಬಹುದು ಎಂದೂ ಹೇಳಿದಳು. ಹಿಂದಿನಿಂದ ಶ್ರೀರಾಮ ಮೆಲ್ಲಗೆ, “ಹೂಂ ಅನ್ನವ್ವಾ,” ಎಂದ.

“ಇದರಾಗ ಒಂದೂ ನಂದಲ್ಲ,” ಎಂದಳು ರುಕ್ಮಿಣಿಬಾಯಿ. “ಸೀರಿ ಒಂದs ನಂದು.”

ಐದೂ ಬಾಟಲಿ ಅಲ್ಲೇ ಉಳಿದವು. ಶ್ರೀರಾಮ ಒಳಗಿನ ಕೋಣೆಯಲ್ಲಿ ಕುಳಿತು ಬರೆದುಕೊಟ್ಟು, ದಂಡ ಕಟ್ಟಿ, ಬಹಳ ಹೊತ್ತಾದ ಮೇಲೆ ಹೊರಗೆ ಬಂದ. ಅಷ್ಟರಲ್ಲಿ ಉಳಿದ ಡೀಲರುಗಳೆಲ್ಲ ಊರ ದಾರಿ ಹಿಡಿದಿದ್ದರು.

ಕಾರು ತಾಂಡೂರು ದಾಟಿತು. ಆಮೇಲೆ ಶ್ರೀರಾಮ ಒದರಾಡತೊಡಗಿದ. ತಮ್ಮಿಬ್ಬರ ಪಾಲಿನದು ಬೇರೆಯವರಿಗೆ ಹೇಳಿಯಾಗಿತ್ತು; ಈ ಐದರಲ್ಲಿ ಚಿಂಚೋಳಿಯ ಕಡೆ ದೊಡ್ಡ ಕಟ್ಟಡ ಎತ್ತುತ್ತಿರುವ ಗುತ್ತೇದಾರ ಬಸವಲಿಂಗನಿಗೆ ಮೂರು ಬಾಟಲಿ ಮಾತು ಕೊಟ್ಟಿದ್ದ. ಆ ಬಾಟಲಿ ಹೋದರೆ ಆ ಸಿಮೆಂಟೂ ಹೋಯಿತು. ಒಂದು ‘ಹೂಂ’ ಅಂದಿದ್ದರೆ ಬಾಯಿ ಸವೆಯುತ್ತಿರಲಿಲ್ಲ. ಹೆತ್ತ ತಾಯಿ ಮಂದಿಯ ಮುಂದೆ ಮಗನನ್ನು ಕಳ್ಳನನ್ನಾಗಿ ಮಾಡಿದಳು.

“ನನ್ನ ಇದಕ್ಕs ಕರ್ಕೊಂಡು ಹೋಗಿದ್ದೇನಪ್ಪಾ?” ಎಂದು ಕೇಳಿದಳು ರುಕ್ಮಿಣಿಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಇದೆಯೇ ಎಂದು ಕೇಳಿದ ಹಾಗಿತ್ತು.

“ಮತ್ತ? ನೀ ಅಲ್ಲಿ ಬಂದು ಏನು ಈಜ್ಯಾಡಾಕಿದ್ದಿ?”

ರಂಜನಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಕೈಯಲ್ಲಿ ಇನ್ನೂ ಎಲ್ಲ ಅತ್ತರುಗಳ ವಾಸನೆ ಇತ್ತು. ಅದು ಸೀರೆಯ ವಾಸನೆಯೊಂದಿಗೆ ಕೂಡಿ ಕಾರಿನೊಳಗೆ ಉಸಿರು ಕಟ್ಟುವಂತಾಗಿತ್ತು. ಮಗ ಕೊಟ್ಟ ಉತ್ತರಕ್ಕಿಂತ ಬಸ್ಸಿನಲ್ಲಿ ಅವನು ತಿಂದ ಬೇಸನ್ ಉಂಡಿ ಮುದುಕಿಗೆ ಹೆಚ್ಚು ಹೇಸಿಗೆ ತಂದಿತು. ಅದನ್ನು ಅವನು ಚೆನ್ನಾಗಿ ಅಗಿದು ತಿಂದು, ಕೈ ಝಾಡಿಸಿಕೊಂಡಿದ್ದ.

ದ್ವಾದಶಿಗೆ ಎರಡು ದಿನ ಮೊದಲು ಅವಳು ಗುಡಿಗೆ ಹೋದಳು. ನಡೆದದ್ದನ್ನು ಹೇಳಬೇಕೆಂದು ಬಾಯಿ ತೆಗೆಯುವಷ್ಟರಲ್ಲಿ ವೆಂಕಟೇಶಾಚಾರ್ಯರು ಕೈ ಎತ್ತಿದರು. ಸುದ್ದಿ ಅವಳಿಗಿಂತ ಮೊದಲು ಬಂದಿತ್ತು. ಗೊಲ್ಲಾಳಪ್ಪ ಚಿಂಚೋಳಿಯಿಂದ ಚಿತ್ತಾಪುರದವರೆಗೆ ಚಹಾದಂಗಡಿಗೊಂದರಂತೆ ಅದನ್ನು ಹಂಚಿದ್ದ. ಶ್ರೀರಾಮನೂ ಬಂದು ಹೋಗಿದ್ದ.

“ಯಾರೂ ನೋಡಿರಲಿಲ್ಲಂದ್ರ ಮಾತು ಬ್ಯಾರೆ ಇತ್ತು, ರುಕ್ಮಿಣಿಬಾಯಿ,” ಎಂದರು ಆಚಾರ್ಯರು. “ಇರಲಿ, ದಾರಿ ಅದ. ಔಷಧಕ್ಕ ದೋಷ ಇಲ್ಲ. ಮೊಣಕಾಲಿಗಿ ಹಚ್ಚಿಕೊಳ್ಳಿಕ್ಕೆ ತರಿಸಿದ್ದೆ ಅಂತ ಟ್ರಸ್ಟಿನವರ ಮುಂದ ಒಂದು ಮಾತು ಅನ್ರಿ. ಹೊಸಾ ಸೀರಿ ಉಟಗೊಂಡು ಒಲಿ ಹಚ್ರಿ. ನಿಮ್ಮ ಮಗಾನೂ ಹಂಗs ಹೇಳ್ಯಾನ.”

ಆಚಾರ್ಯರು ಕೆಟ್ಟವರಲ್ಲ. ಅವಳಿಲ್ಲದ ದಿನಗಳಲ್ಲಿ ದೇವರಿಗೆ ಅರೆಬೆಂದ ಅನ್ನವೇ ಗತಿಯಾಗಿತ್ತು, ಅದರ ಪ್ರಸಾದ ಅವರೂ ಉಣ್ಣಬೇಕಿತ್ತು. ರುಕ್ಮಿಣಿಬಾಯಿ ಒಳಗಿನ ಒಲೆಯ ಕಡೆ ನೋಡಿದಳು. ಯಾರೂ ಅದರ ಬೂದಿ ತೆಗೆದಿರಲಿಲ್ಲ. ಒಂದೇ ಮಾತು. ಆ ಮಾತು ಆಡಿದರೆ ಮಗನೂ ಉಳಿಯುತ್ತಾನೆ, ಟ್ರಸ್ಟೂ ಉಳಿಯುತ್ತದೆ, ಒಲೆಯೂ ಉಳಿಯುತ್ತದೆ. ಮಡಿ ಎಂದರೆ ಇಷ್ಟು ವರ್ಷ ಮೈ ನಡುಗುವ ತಣ್ಣೀರು ಎಂದುಕೊಂಡಿದ್ದಳು. ಯಾರು ನೋಡಿದರು, ಯಾರು ನೋಡಲಿಲ್ಲ ಎಂಬುದೇ ಮಡಿ ಎಂದು ಈಗ ತಿಳಿಯಿತು.

“ನನ್ನ ಮೊಣಕಾಲಿಗಿ ಏನಾಗೇದ ಆಚಾರ್ರ? ಈಗ ನಿಮ್ಮ ಕಣ್ಣ ಮುಂದs ಗುಡಿ ಮೆಟ್ಟಲಾ ಹತ್ತಿ ಬಂದೀನಿ.”

ಅಷ್ಟು ಹೇಳಿ ಇಳಿದು ಬಂದಳು. ಟ್ರಸ್ಟಿನವರು ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಒಬ್ಬನನ್ನು ತಂದರು. ಅವನಿಗೆ ಜನಿವಾರವಿತ್ತು, ಅಷ್ಟು ಸಾಕಾಯಿತು.

ಸೀರೆ ಉಳಿದಿತ್ತು. ಮೂರು ಸಲ ನೆನೆಸಿ ಒಗೆದರೂ ಸೆರಗಿನ ಕಲೆ ಹೋಗಲಿಲ್ಲ, ಬಿಸಿಲಿಗೆ ಹಾಕಿದರೆ ವಾಸನೆ ಮತ್ತೆ ಏಳುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ಮಡಚಿ ಹಿತ್ತಲ ಕಟ್ಟೆಯ ಮೇಲೆ ಇಟ್ಟಳು. ಹಿತ್ತಲು ಗುಡಿಸಿ, ಪಾತ್ರೆ ತಿಕ್ಕಿ ಹೋಗುವ ಪೀರಮ್ಮ ಗುಂಡಗುರ್ತಿಯ ಕಡೆಯವಳು. ಅಡುಗೆಮನೆಯ ಹೊಸಲು ಅವಳು ದಾಟುವಂತಿರಲಿಲ್ಲ, ಅವಳ ಚಹಾದ ಬಟ್ಟಲು ಹಿತ್ತಲ ಗೂಡಿನಲ್ಲಿರುತ್ತಿತ್ತು. ಒಯ್ದುಬಿಡು, ಖರೇ ರೇಷ್ಮೆ, ನಿನಗೆ ಚಲೋ ಕಾಣುತ್ತದೆ ಎಂದಳು ರುಕ್ಮಿಣಿಬಾಯಿ. ದಾನ ಮಾಡಿದ ನೆಮ್ಮದಿಯೂ ಸ್ವಲ್ಪ ಬಂದಿತ್ತು.

ಪೀರಮ್ಮ ಸೀರೆಯನ್ನು ಎತ್ತಿ, ಮೂಗಿಗೆ ಹಿಡಿದು, ಇದ್ದಲ್ಲೇ ಇಟ್ಟಳು. ಓಣಿಯ ಸುದ್ದಿ ಅವಳಿಗೂ ಗೊತ್ತಿತ್ತು.

“ನಮ್ಮವ ಕುಡಿಯೋದು ಬಿಟ್ಟಾನ್ರಿ ಅವ್ವಾರ. ಈ ನಾತ ನಮ್ಮನಿಗಿ ಬ್ಯಾಡ,” ಎಂದಳು. ಸೊಂಟದ ಸೆರಗು ಬಿಚ್ಚಿ ಒದ್ದೆ ಕೈ ಒರೆಸಿಕೊಂಡಳು. “ನಿಮ್ಮ ದೇವ್ರಿಗಿ ಹೇಸಿಗಿ ಆದದ್ದು ನನ್ನ ಮೈಗಿ ಹ್ಯಾಂಗ ಚಲೋ ಆಗ್ತದ್ರಿ?”

ಅಂಗಡಿಯಲ್ಲಿ ಗೊಲ್ಲಾಳಪ್ಪನ ಮಾತಿಗೆ ಎಲ್ಲರೂ ನಕ್ಕಾಗ ಬಂದ ಬಿಸಿಯೇ ಮತ್ತೆ ರುಕ್ಮಿಣಿಬಾಯಿಯ ಕಿವಿಗೆ ಏರಿತು. ಈ ಸಲ ನಕ್ಕವರು ಯಾರೂ ಇರಲಿಲ್ಲ. ಪೀರಮ್ಮ ಉಳಿದ ಪಾತ್ರೆ ತಿಕ್ಕಿ, ಬೋರಲು ಹಾಕಿ, ಗೂಡಿನಲ್ಲಿದ್ದ ತನ್ನ ಬಟ್ಟಲನ್ನು ತೆಗೆದುಕೊಂಡು ಹೋದಳು. ಮರುದಿನ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಬಸವಲಿಂಗನ ಕಟ್ಟಡಕ್ಕೆ ಗೊಲ್ಲಾಳಪ್ಪನ ಲಾರಿಗಳು ಹೋಗತೊಡಗಿದವು. ಪ್ರಮಿತಾ ಶಹಾಬಾದದಿಂದ ತಿರುಗಿ ಬಂದವಳು ಅಜ್ಜಿಯನ್ನು ಮಾತಾಡಿಸಲಿಲ್ಲ. ಕಟ್ಟೆಯ ಮೇಲಿನ ಸೀರೆಯನ್ನು ಯಾರೂ ತೆಗೆಯಲಿಲ್ಲ; ಒಂದು ದಿನ ಅದನ್ನು ನಾಯಿ ಎಳೆದುಕೊಂಡು ಹೋಯಿತು.

ಹೋದದ್ದು ಇಷ್ಟು: ಬಾಟಲಿ ಐದು, ತಂಬಿಗೆ ಒಂದು, ರೇಷ್ಮೆ ಸೀರೆ ಒಂದು, ಒಲೆ ಒಂದು, ಕೆಲಸದ ಹೆಂಗಸು ಒಬ್ಬಳು, ಮೊಮ್ಮಗಳು ಒಬ್ಬಳು.